ಅಕ್ಕನ ವನ್ಸ್ ಮೋರ್

ರಿಟೈರ್ ಆದ ವರ್ಷ ನನಗೆ ಐವತ್ತೆಂಟು. ಮೂವತ್ತು ದಾಟಿದ ಮೇಲೆ ಹೊಸ ಹಾಡು ಅಂತ ಒಂದನ್ನೂ ನಾನು ಕಿವಿಗೊಟ್ಟು ಕೇಳಿರಲಿಲ್ಲ. ತುಮಕೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ, ಪೇಪರ್ ಕರೆಕ್ಷನ್, ಮನೆಗೆ ಬಂದರೆ ಅಮ್ಮನ ಔಷಧಿ. ಅಮ್ಮ ಹೋದ ಮೇಲೆ ಟಿವಿಯ ಸದ್ದು. ಸಂಗೀತ ನನ್ನ ಪಾಲಿಗೆ ಮುಗಿದ ಚಾಪ್ಟರ್ ಅಂದುಕೊಂಡಿದ್ದೆ.

ಆಗ ಬಿ.ಎಚ್. ರಸ್ತೆಯ ಬೇಕರಿಯಲ್ಲಿ ಹಳೆಯ ಸ್ಟೂಡೆಂಟ್ ಒಬ್ಬಳು ಸಿಕ್ಕಳು. ಕುಣಿಗಲ್ ಹುಡುಗಿ. ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂತು ಬೆರಳಲ್ಲಿ ಡೆಸ್ಕ್ ಬಡಿಯುತ್ತಿದ್ದವಳು. ಎಷ್ಟೋ ಸಲ ಎಬ್ಬಿಸಿ ನಿಲ್ಲಿಸಿದ್ದೆ. ಈಗ ಊರಂಚಿನ ಸತ್ಯಮಂಗಲದ ಸಣ್ಣ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸವಂತೆ, ಜೊತೆಗೆ ಮೂರು ಜನ ಸೇರಿ ಬ್ಯಾಂಡ್ ಕಟ್ಟಿದ್ದಾರಂತೆ, ಹಾಡೆಲ್ಲ ತಾವೇ ಬರೆದದ್ದಂತೆ. ಭಾನುವಾರ ಸಂಜೆ ಐದೂವರೆಗೆ ಬನ್ನಿ ಮ್ಯಾಮ್ ಅಂದಳು. ಪೊಲೈಟ್ ಆಗಿ ತಲೆಯಾಡಿಸಿದೆ. ಹೋಗುವ ಉದ್ದೇಶ ಇರಲಿಲ್ಲ. ಭಾನುವಾರ ಬಂತು, ಮನೆಯಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ, ಹೋದೆ.

ಮೊಬೈಲ್ ಅಂಗಡಿಯೊಂದರ ಮೇಲಿನ ಕೆಫೆ ಅದು. ಮೂವತ್ತು ಕುರ್ಚಿ ಇದ್ದಿರಬಹುದು. ಒಬ್ಬ ಗಿಟಾರ್, ಇನ್ನೊಬ್ಬ ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಡಿಯುವವನು, ಮಧ್ಯದಲ್ಲಿ ಅವಳು. ನಾನು ಕಡೆಯ ಸಾಲಿನಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. ಶುರುವಾದ ಕೂಡಲೇ ಮೊಸಾಯಿಕ್ ನೆಲದಿಂದ ಚಪ್ಪಲಿಯ ಮೂಲಕ ತಾಳ ಅಂಗಾಲಿಗೆ ಹತ್ತಿತು. ರೇಡಿಯೋದಲ್ಲಿ, ಟಿವಿಯಲ್ಲಿ ಹೀಗೆ ಕಾಲಿಗೆ ಹತ್ತುವುದಿಲ್ಲ. ಮನೆಗೆ ಬಂದು ಅಡಿಗೆ ಮಾಡುವಾಗಲೂ ಅದು ಕಾಲಲ್ಲೇ ಇತ್ತು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಗುಬ್ಬಿಗೆ, ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನನ್ನನ್ನು ಸೋದರಮಾವ ತುಮಕೂರಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದ. ಅವಳು ಗುಬ್ಬಿಯಲ್ಲೇ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ, ಅಪ್ಪನ ಜೊತೆ ಬಂದ ಬಂದ ಕಂಪನಿ ನಾಟಕಗಳನ್ನೆಲ್ಲ ನೋಡಿ ಬೆಳೆದಳು. ನಾನು ಪಿಯಾನೋದ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತು ಚರ್ಚಿನ ಹಿಮ್ಸ್ ಹಾಡುವುದನ್ನು ಕಲಿತೆ. ಪೂರ್ತಿ ಮುಗಿದ ಮೇಲೆ, ಸಿಸ್ಟರ್ ತಲೆಯಾಡಿಸಿದ ಮೇಲೆ, ಮೆಲ್ಲಗೆ ಕ್ಲ್ಯಾಪ್. ಅಕ್ಕ ಕಲಿತದ್ದೇ ಬೇರೆ. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿತೋ, ಜನ ಎದ್ದು ‘ವನ್ಸ್ ಮೋರ್’ ಅಂತ ಕೂಗಬೇಕು. ಕೂಗಿದರೆ ನಟ ಹಾಡಲೇಬೇಕು. ಬಾಣ ತಾಗಿ ಹಾಡುತ್ತ ಸತ್ತ ರಾಜ ಎದ್ದು, ಪೇಟ ಸರಿಮಾಡಿಕೊಂಡು, ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಸಾಯುತ್ತಿದ್ದ. ಅಪ್ಪ ಅವಳನ್ನು ಭುಜದ ಮೇಲೆ ಕೂರಿಸಿಕೊಂಡು ಕೂಗಿಸುತ್ತಿದ್ದನಂತೆ. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಅವೆರಡೇ ಪದ ಅಂತ ನಾನು ತಮಾಷೆ ಮಾಡುತ್ತಿದ್ದೆ.

ಮುಂದಿನ ಭಾನುವಾರ ಅಕ್ಕ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದಳು. ಆಮೇಲೆ ಏಳೆಂಟು ವಾರ ತಪ್ಪಿಸಲಿಲ್ಲ. ಕೆಫೆಯೊಳಗೆ ಸೆರಗಿನ ಮರೆಯಲ್ಲಿ ಕಡಲೆಪುರಿ ಪೊಟ್ಟಣ ಬಿಚ್ಚುವಳು. ಒಂದು ಕಾಫಿ ತರಿಸಿ ಬೈ ಟು ಮಾಡು ಅನ್ನುವಳು. ಇಲ್ಲಿ ಬೈ ಟು ಇಲ್ಲಮ್ಮ ಅಂದರೆ, ಮತ್ತೇನು ಹೋಟ್ಲು ಇದು ಅನ್ನುವಳು. ನಾವಿಬ್ಬರೂ ಗಂಡನ ಮನೆ, ಹಾಸ್ಟೆಲು, ಅಮ್ಮನ ಕಾಯಿಲೆ ಅಂತ ಬೇರೆ ಬೇರೆಯಾಗಿ ಬದುಕಿದವರು. ಅಕ್ಕ ತಂಗಿ ಅಂತ ಒಟ್ಟಿಗೆ ಏನನ್ನಾದರೂ ಮಾಡಿದ್ದರೆ ಅದು ಆ ಭಾನುವಾರಗಳಲ್ಲೇ.

ಒಂದು ಭಾನುವಾರ ಹುಡುಗಿ ಹೊಸ ಹಾಡು ಹಾಡಿದಳು. ತೋಟಕ್ಕೆ ನೀರು ಬಿಡಲು ಕರೆಂಟ್ ಬರುವುದನ್ನೇ ಕಾಯುತ್ತ ಮೋಟಾರು ಮನೆಯ ಮುಂದೆ ಕೂತ ಅವಳ ಅಮ್ಮನ ಮೇಲಿನ ಹಾಡು. ಗಿಟಾರ್ ನಿಂತಿತ್ತು, ಬರೀ ಕೊರಳು. ಒಂದು ನುಡಿ ಮುಗಿದು ಇನ್ನೊಂದಕ್ಕೆ ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಅಕ್ಕ ಎದ್ದು ನಿಂತು, ತುಂಬು ಗಂಟಲಿನಲ್ಲಿ ‘ವನ್ಸ್ ಮೋರ್’ ಅಂದಳು.

ಇಡೀ ಕೆಫೆ ನಕ್ಕಿತು. ಯಾರೋ ಫೋನನ್ನು ನಮ್ಮ ಕಡೆ ತಿರುಗಿಸಿದರು. ಹುಡುಗಿ ಗಾಬರಿಯಾಗಿ ಮುಂದಿನ ಸಾಲು ಮರೆತು ನಿಂತುಬಿಟ್ಟಳು. ನಾನು ಅಕ್ಕನ ಸೆರಗು ಹಿಡಿದು ಎಳೆದೆ.

“ಅಕ್ಕ, ಪ್ಲೀಸ್. ಬಿಹೇವ್ ಯುವರ್ಸೆಲ್ಫ್. ಇದೇನು ನಾಟಕದ ಟೆಂಟ್ ಅಲ್ಲ.”

ಡೆಸ್ಕ್ ಬಡಿಯುವ ಮಕ್ಕಳಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ. ಅಕ್ಕ ಕೂತಳು. ಕಡಲೆಪುರಿ ಪೊಟ್ಟಣವನ್ನು ಮಡಚಿ ಬ್ಯಾಗಿಗೆ ಹಾಕಿದಳು. ಹುಡುಗಿ ಬೇರೆ ಹಾಡಿಗೆ ಹೋದಳು.

ಸ್ಟೇಷನ್ನಿನ ತನಕ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಗಾಡಿ ಬರುವ ಹೊತ್ತಿಗೆ, ನನ್ನ ಮುಖ ನೋಡದೆ ಅಂದಳು: “ನೀನು ಕಾನ್ವೆಂಟ್‌ನೋಳು ಕಣೆ. ಎಷ್ಟೇ ಚೆನ್ನಾಗಿದ್ರೂ ಬಾಯ್ ಮುಚ್ಕೊಂಡಿರದು ಕಲಿಸವ್ರೆ ನಿಂಗೆ. ಆ ಮಗೀಗೆ ಹೆಂಗ್ ಗೊತ್ತಾಗ್ಬೇಕು, ನಮ್ಗೆ ಇನ್ನೂ ಬೇಕು ಅಂತ?”

ಮುಂದಿನ ವಾರ ಅಕ್ಕ ಬರಲಿಲ್ಲ. ಸೊಂಟ ನೋವು ಅಂದಳು. ಅದರ ಮುಂದಿನ ವಾರವೂ ಸೊಂಟ ನೋವು. ಮುನಿಸು ಅಂತ ನನಗೆ ಖಾತ್ರಿಯಾಗಿತ್ತು. ಗುಬ್ಬಿ ಏನು ದೂರ? ಹೋಗಿ ಸಾರಿ ಅಂದುಬಿಡಬಹುದಿತ್ತು. ಅದರ ಬದಲು ಹಾಡುಗಳನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಇರಲಿ, ಕೋಪ ತಾನಾಗಿ ಇಳಿಯಲಿ ಅಂತ ನಾನೂ ಬಿಂಕ ಮಾಡಿದೆ. ಎರಡೂವರೆ ತಿಂಗಳು ಹೀಗೇ ಹೋಯಿತು.

ಅವಳ ಸೊಸೆ ಫೋನ್ ಮಾಡಿದಾಗ ಗೊತ್ತಾಯಿತು, ಸೊಂಟ ನೋವು ಮುನಿಸಲ್ಲ. ಬೆನ್ನುಮೂಳೆಯೊಳಗೆ ಗಡ್ಡೆ ಬೆಳೆದು, ಆಗಲೇ ಎಲ್ಲ ಕಡೆ ಹರಡಿತ್ತು. ನಿಮಗೆ ಹೇಳಬೇಡ ಅಂದಿದ್ದರು ಅತ್ತೆ, ಭಾನುವಾರದ ಹಾಡು ಬಿಟ್ಟು ಬಂದು ಕೂತ್ಕೋತಾಳೆ ಅಂತ ಅಂದಿದ್ದರು, ಅಂದಳು ಸೊಸೆ.

ಗುಬ್ಬಿಯ ಮನೆಯ ನಡುಮನೆಯಲ್ಲಿ ಮಂಚ ಹಾಕಿದ್ದರು. ಅಕ್ಕ ಅರ್ಧ ಆಗಿದ್ದಳು. ಸಾರಿ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದವಳು, ಫೋನ್ ತೆಗೆದು ಆ ಕರೆಂಟಿನ ಹಾಡನ್ನು ಹಾಕಿದೆ. ಅಕ್ಕ ಕೈಯಾಡಿಸಿದಳು.

“ಆಫ್ ಮಾಡು. ಇದು ಎಷ್ಟ್ ಸಲ ಒತ್ತಿದ್ರೂ ಹಾಡ್ತದೆ, ಬುಡು. ನಾನ್ ಕೇಳ್ದೆ ಅಂತ ಹಾಡ್ತದಾ?”

ಅವತ್ತು ಸಂಜೆಯೇ ಹುಡುಗಿಗೆ ಫೋನ್ ಮಾಡಿದೆ. ನಾನು ಕೇಳುವುದನ್ನು ಪೂರ್ತಿ ಮಾಡುವ ಮೊದಲೇ ಬರ್ತೀನಿ ಮ್ಯಾಮ್ ಅಂದಳು.

ಫ್ಯಾಕ್ಟರಿಗೆ ರಜೆ ಹಾಕಿ, ಗಿಟಾರ್ ಇಲ್ಲದೆ ಒಬ್ಬಳೇ ಬಂದಳು. ಬೆಳಿಗ್ಗೆ ಹನ್ನೊಂದು ಗಂಟೆ. ಆಗಷ್ಟೇ ನೋವಿನ ಇಂಜೆಕ್ಷನ್ ಕೊಟ್ಟು ನರ್ಸ್ ಹೋಗಿದ್ದಳು. ಅಕ್ಕ ಕಣ್ಣು ಮುಚ್ಚಿದ್ದಳು. ಎಬ್ಬಿಸೋದು ಬೇಡ ಅಂದಳು ಹುಡುಗಿ. ಮಂಚದ ಪಕ್ಕ ನೆಲದ ಮೇಲೆ ಕೂತು ಹಾಡಿದಳು. ಕೆಫೆಯಲ್ಲಿ ನಿಂತುಹೋಗಿದ್ದ ಸಾಲನ್ನೂ, ಅದರ ಮುಂದಿನದನ್ನೂ, ಕಡೆಯ ತನಕ. ಅಡಿಗೆಮನೆಯಲ್ಲಿ ಸೊಸೆ ಕುಕ್ಕರ್ ಇಳಿಸಿ ಬಾಗಿಲಿಗೆ ಬಂದು ನಿಂತಿದ್ದಳು.

ಹಾಡು ಮುಗಿಯಿತು. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಕಾಯುತ್ತಿದ್ದಳು. ಏನು ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಎರಡು ಪದ. ಬಾಯಿಗೆ ಬಂದದ್ದನ್ನು ಹಲ್ಲು ತಡೆದಂತಾಯಿತು. ಮಲಗಿರುವ ಪೇಷೆಂಟ್, ಬಾಗಿಲಲ್ಲಿ ಸೊಸೆ, ನೆಟ್ಟಗೆ ಕೂತ ನನ್ನ ಬೆನ್ನು.

“ಥ್ಯಾಂಕ್ ಯೂ ಮಗು,” ಅಂದೆ. “ವೆರಿ ನೈಸ್.”

ಅವಳು ಅಕ್ಕನ ಕಾಲು ಮುಟ್ಟಿ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ನಾನೂ ಅವಳ ಜೊತೆ ಹೊರಟೆ. ನಾಳೆ ಬಂದರಾಯಿತು ಅಂದುಕೊಂಡೆ.

ಅಕ್ಕ ಮಾರನೆಯ ದಿನ ಬೆಳಿಗ್ಗೆ ಹೋದಳು. ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಸೊಸೆ ನನಗೆ ಕಾಫಿ ಕೊಡುತ್ತ ಹೇಳಿದಳು. ನೀವು ಹೋದ ಮೇಲೆ, ಮಧ್ಯಾಹ್ನ ಗಂಜಿ ಕುಡಿಸುವಾಗ ಅತ್ತೆ ಕಣ್ಣು ಬಿಟ್ಟರು. ಹಾಡು ಕೇಳಿಸ್ತಾ ಅಂತ ಕೇಳಿದೆ. ಕೇಳಿಸ್ತು ಅಂದರು. ಆಮೇಲೆ ಒಂದೇ ಮಾತು ಕೇಳಿದರು.

“ಒಂದೇ ಸಲ ಹಾಡಿದ್ಲಾ?”

ನೀನೇನು ಹೇಳಿದೆ ಅಂತ ನಾನು ಸೊಸೆಯನ್ನು ಕೇಳಲಿಲ್ಲ.

ನನಗೀಗ ಅರವತ್ತೈದು. ಭಾನುವಾರ ಈಗಲೂ ಹೋಗುತ್ತೇನೆ. ಮೆಟ್ಟಿಲು ಹತ್ತುವುದಕ್ಕೆ ಹೊತ್ತು ಹಿಡಿಯುತ್ತದೆ. ಹುಡುಗಿ ಆ ಹಾಡನ್ನು ಯಾವಾಗಲೂ ಕಡೆಗೆ ಇಟ್ಟುಕೊಳ್ಳುತ್ತಾಳೆ. ಮುಗಿಸಿ, ಕಡೆಯ ಸಾಲಿನ ಕಡೆ ಒಂದು ಸಲ ನೋಡುತ್ತಾಳೆ. ಎಲ್ಲರ ಜೊತೆ ನಾನೂ ಮೆಲ್ಲಗೆ ಚಪ್ಪಾಳೆ ತಟ್ಟುತ್ತೇನೆ.