ಫೆಲ್ಟಿನ ಗಾಳಿಚೀಲ

ಹಸಿ ಕಾಗದದ ನೀರು ಹೀರಲು ಯಂತ್ರದಲ್ಲಿ ಒಂದು ದಪ್ಪ ಬಟ್ಟೆ ಇರುತ್ತದೆ. ಫೆಲ್ಟ್ ಅನ್ನುತ್ತೇವೆ. ತೊಂಬತ್ತರ ದಶಕದ ದಾಂಡೇಲಿಯಲ್ಲಿ ನಮ್ಮ ಓಣಿಯವರು ಸವೆದ ಫೆಲ್ಟನ್ನೇ ಹಾಸಿ, ಅದನ್ನೇ ಹೊದ್ದು, ಸೈಕಲ್ ಸೀಟಿಗೂ ಅದನ್ನೇ ಹೊಲಿಸುತ್ತಿದ್ದರು. ಹರಿಯದ ವಸ್ತು ಎಂದರೆ ನಮಗೆ ಫೆಲ್ಟು. ನಾನು ಕಾಗದದ ಮಿಲ್ಲಿನಲ್ಲಿ ಫಿಟ್ಟರ್. ಕೈಕೆಲಸದ ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಅಂಬೇವಾಡಿಯಲ್ಲಿದ್ದ ಮಿಲ್ಲಿನ ಸಣ್ಣ ವಿಮಾನಪಟ್ಟಿಯನ್ನು ರಜೆಯ ದಿನ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದನ ಓಡಿಸಬೇಕು, ಕಂಬದ ಮೇಲಿನ ಗಾಳಿಚೀಲ ನೋಡಿಕೊಳ್ಳಬೇಕು. ಎರಡೂ ಕಡೆ ಬಾಯಿ ತೆರೆದ ಆ ಬಟ್ಟೆಯ ಚೀಲ ಎತ್ತ ಹಾರುತ್ತದೆ ಎಂದು ಮೇಲಿನಿಂದ ನೋಡಿ ಪೈಲಟ್ ಗಾಳಿಯ ಅಂದಾಜು ಮಾಡುತ್ತಾನೆ. ಪ್ರತಿ ಮಳೆಗಾಲಕ್ಕೂ ಅದು ಚಿಂದಿಯಾಗುತ್ತಿತ್ತು. ಒಂದು ವರ್ಷ ರೇಗಿಹೋಗಿ ಫೆಲ್ಟಿನಲ್ಲೇ ಹೊಲಿದುಬಿಟ್ಟೆ.

ಹೆಂಡತಿ ಅದನ್ನು ಕೈಯಲ್ಲಿ ತೂಗಿ ನೋಡಿ, "ಇದು ಹೊದಿಯೂ ಕೌದಿ ಆತಲ್ರೀ. ಗಾಳಿಗಿ ಹಾರತೈತೇನು?" ಎಂದಳು.

"ನಿನಗೇನ ತಿಳೀತೈತಿ? ಹತ್ತು ವರ್ಷ ಹರಿಯೂದಿಲ್ಲ ನೋಡು" ಎಂದೆ.

ಆಗಾಗ ಹುಬ್ಬಳ್ಳಿ ಕಡೆಯಿಂದ ಎರಡು ಸೀಟಿನ ಒಂದು ವಿಮಾನ ಬರುತ್ತಿತ್ತು. ಮುಂದೆ ಎರಡು ಗಾಲಿ, ಬಾಲಕ್ಕೊಂದು ಪುಟ್ಟ ಗಾಲಿ. ಅದನ್ನು ಹಾರಿಸುವವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಫೆಲ್ಟಿನ ಚೀಲ ಕಂಬಕ್ಕೇರಿಸಿದ ಮೇಲೆ ಒಂದು ದಿನ ಅವರ ಜೊತೆಗೆ ಕಲಿಯಲು ಬಂದ ಹುಡುಗಿಯೊಬ್ಬಳಿದ್ದಳು. ವಿಮಾನ ಮರಗಳ ಮೇಲೆ ಕಾಣಿಸುವ ಹೊತ್ತಿಗೆ ನದಿ ಕಡೆಯಿಂದ ಪಟ್ಟಿಗೆ ಅಡ್ಡಗಾಳಿ ಎದ್ದು ನನ್ನ ಹೆಗಲ ಟವೆಲನ್ನು ಹಾರಿಸಿಕೊಂಡು ಹೋಯಿತು. ತಲೆ ಎತ್ತಿ ನೋಡಿದರೆ ಚೀಲ ತೆಪ್ಪಗೆ ಜೋತುಬಿದ್ದಿತ್ತು. ಮೇಲಿನವರಿಗೆ ಗಾಳಿಯೇ ಇಲ್ಲವೆಂದು ಕಾಣುತ್ತಿತ್ತು.

ಕೈ ಬೀಸುತ್ತ ಓಡಿದೆ, ಆದರೆ ಗಾಲಿಗಳು ಆಗಲೇ ನೆಲ ಮುಟ್ಟಿದ್ದವು. ವಿಮಾನ ಕ್ಷಣಹೊತ್ತು ನೆಟ್ಟಗೆ ಓಡಿತು. ಆಮೇಲೆ ಬಾಲ ಪಕ್ಕಕ್ಕೆ ಸರಿಯಿತು. ಭಾರದ ಕೈಗಾಡಿಯನ್ನು ಹಿಂದುಮುಂದಾಗಿ ತಳ್ಳಿದವರಿಗೆ ಗೊತ್ತು, ಒಮ್ಮೆ ಅಡ್ಡ ತಿರುಗಿತೋ, ಅದು ನಮ್ಮ ಮಾತು ಕೇಳುವುದಿಲ್ಲ. ಬಾಲ ಗರ್ರನೆ ಮುಂದಕ್ಕೆ ಬಂತು, ಒಂದು ರೆಕ್ಕೆ ನೆಲ ಉಜ್ಜಿತು, ಕೆಂಪು ಧೂಳಿನಲ್ಲಿ ವಿಮಾನ ಮಾಯವಾಯಿತು. ದೇವರೇ, ನನ್ನ ಕೆಲಸ ಹೋದರೆ ಹೋಗಲಿ, ಇಬ್ಬರೂ ಇಳಿದು ಬರಲಿ ಎಂದುಕೊಳ್ಳುತ್ತ ಓಡಿದೆ.

ಬಾಗಿಲು ತೆರೆಯಿತು. ಮೊದಲು ಹುಡುಗಿ ಇಳಿದಳು. ಹಿಂದೆ ಹಿರಿಯರು, ಕನ್ನಡಕ ಒರೆಸಿಕೊಳ್ಳುತ್ತ. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

"ಚೀಲ ನಾನ ಹೊಲದದ್ರೀ ಸಾಹೇಬ್ರ. ಫೆಲ್ಟಿಂದು."

ಅವರು ಕಂಬದ ಕಡೆ ನೋಡಿದರು. "ತಪ್ಪು ನಿಮ್ಮದೊಂದ ಅಲ್ರೀ. ಇಳೀವಾಗ ವಿಮಾನ ಅಡ್ಡ ಜಾರೂದು ನನಗ ಗೊತ್ತಾಗಿತ್ತು. ನಿಮ್ಮ ಚೀಲ ಗಾಳಿ ಇಲ್ಲಂತು, ಅದನ್ನ ನಂಬಿದೆ. ನೆಲಾ ಮುಟ್ಟಿದ್ವಲ್ಲಾ ಅಂತ ಬಾಲ ನೆಟ್ಟಗಿಡೂ ಪೆಡಲ್ ಮ್ಯಾಲಿನ ಕಾಲು ಸಡಿಲ ಬಿಟ್ಟೆ. ಬಾಲದ ಗಾಲಿ ವಿಮಾನ, ಪೂರಾ ನಿಲ್ಲೂತನಕಾ ಅದನ್ನ ನಂಬಬಾರದು." ಆಮೇಲೆ ಹುಡುಗಿಯ ಕಡೆ ತಿರುಗಿ, "ಇವತ್ತಿನ ಪಾಠ ಇದ ನೋಡವಾ" ಎಂದರು.

ಮನೆಯಲ್ಲಿ ಎಲ್ಲ ಹೇಳಿದೆ. ಹೆಂಡತಿ ಟ್ರಂಕಿನಿಂದ ತನ್ನ ಹಳೆಯ ಕಿತ್ತಳೆ ಬಣ್ಣದ ತೆಳು ವಾಯಿಲ್ ಸೀರೆ ತೆಗೆದು ಕತ್ತರಿ ಹಾಕಿದಳು.

ರೆಕ್ಕೆ ರಿಪೇರಿಯಾಗಿ ಮತ್ತೆ ಅವರು ಬಂದ ದಿನ ನಾನು ಫ್ಲಾಸ್ಕಿನಲ್ಲಿ ಚಹಾ ಒಯ್ದಿದ್ದೆ. ಅಂದೂ ನದಿ ಕಡೆಯಿಂದ ಜೋರು ಗಾಳಿ. ಸೀರೆಯ ಚೀಲ ಪಟ್ಟಿಗೆ ಅಡ್ಡಲಾಗಿ ಸೆಟೆದು ನಿಂತಿತ್ತು. ವಿಮಾನ ತಗ್ಗಿಗೆ ಬಂದು ಒಂದು ಸುತ್ತು ಹಾಕಿತು, ರೆಕ್ಕೆ ಅಲ್ಲಾಡಿಸಿತು, ಇಳಿಯದೆ ಹುಬ್ಬಳ್ಳಿಯ ದಾರಿ ಹಿಡಿಯಿತು. ಖಾಲಿ ಪಟ್ಟಿಯ ಮೇಲೆ ನಿಂತು ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಮನೆಗೆ ಬಂದು, "ಇಳೀಲೇ ಇಲ್ಲ, ಹಂಗ ತಿರುಗಿ ಹ್ವಾದ್ರು" ಎಂದೆ.

"ಹಂಗಾರ ಸೀರಿ ಹಾರ್ತು ಅನ್ರಿ" ಎಂದಳು ಹೆಂಡತಿ.

ಫ್ಲಾಸ್ಕಿನ ಚಹಾ ಇನ್ನೂ ಬಿಸಿಯಿತ್ತು. ಇಬ್ಬರೂ ಕುಡಿದೆವು.