ನರಿಬಂಡೆಯ ಎಡಮಗ್ಗುಲಿನ ಸಿಗ್ನಲ್

ದೆವ್ವ, ಗಾಳಿ, ಶಕುನ ಇಂಥ ಮಾತು ಬಂದಾಗ ಎದ್ದು ಒಳಗೆ ಹೋಗುವವಳು ನಾನು. ಚಿಕ್ಕಂದಿನಿಂದಲೂ ಹಾಗೆಯೇ. ನಮ್ಮತ್ತೆ ಯಾರ ಕನಸಿನಲ್ಲೋ ದೇವರು ಬಂದು ಮಾತಾಡಿದ ಕಥೆ ಹೇಳುವಾಗ, ರಾತ್ರಿ ಊಟ ಜೀರ್ಣವಾಗಿರಲಿಕ್ಕಿಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ಅಕ್ಕಿ ಆರಿಸುತ್ತಿದ್ದೆ. ಈಗ ನಾನು ಪೂರ್ತಿ ಬದಲಾಗಿಬಿಟ್ಟಿದ್ದೇನೆ ಎಂದೇನೂ ಹೇಳುವುದಿಲ್ಲ. ಆದರೆ ಕಬ್ಬಾಳಿನ ಒಂದು ತಾರಸಿಯ ಮೇಲೆ, ಹಾಡುಹಗಲಲ್ಲಿ, ನನ್ನದೇ ಲ್ಯಾಪ್‌ಟಾಪಿನಲ್ಲಿ ನೋಡಿದ್ದೊಂದಕ್ಕೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ಆದದ್ದು ಹೀಗೆ ಎಂದಷ್ಟೇ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾನು ಮತ್ತು ನನ್ನ ಗಂಡ ಪುಟ್ಟಸ್ವಾಮಿ ರಾಮನಗರದಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದೆವು. ಇಬ್ಬರೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಓದಿದವರು. ನಮ್ಮ ಕೆಲಸವೆಂದರೆ ತಂತಿಯಿಲ್ಲದೆ ನೆಟ್‌ವರ್ಕ್ ಕೊಡುವುದು. ಎರಡು ಕಡೆ ಎರಡು ಜಾಲರಿ ಡಿಶ್ ಕಟ್ಟಿ, ಪ್ರತಿ ಡಿಶ್ಶಿಗೂ ಒಂದು ರೇಡಿಯೋ ಡಬ್ಬಿ ಕೂರಿಸಿ, ಒಂದರ ಮುಖ ಇನ್ನೊಂದರ ಮುಖಕ್ಕೆ ಸರಿಯಾಗಿ ತಿರುಗಿಸಿದರೆ ಈ ಕಡೆಯ ಕಂಪ್ಯೂಟರ್ ಆ ಕಡೆಯದರ ಜೊತೆ ಮಾತಾಡುತ್ತದೆ. ಕಾರ್ಖಾನೆಯ ಆಫೀಸಿನಿಂದ ಗೋಡೌನಿಗೆ, ರೇಷ್ಮೆ ನೂಲು ಬಿಚ್ಚುವವರ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ, ಹೀಗೆ ಕುದೂರಿನಿಂದ ವಿರೂಪಾಕ್ಷಿಪುರದವರೆಗೆ ಎಷ್ಟೋ ಕಡೆ ಹತ್ತಿ ಇಳಿದಿದ್ದೆವು.

ಡಿಶ್ ಕಟ್ಟುವುದಕ್ಕಿಂತ ಅದರ ಮುಖ ಕೂಡಿಸುವುದೇ ಕಷ್ಟ. ಒಂದು ತುದಿಯಲ್ಲಿ ಅವರು, ಇನ್ನೊಂದರಲ್ಲಿ ನಾನು. ಕೈಯಲ್ಲಿ ವಾಕಿಟಾಕಿ. "ಒಸಿ ಬಲಕ್ಕೆ... ಇನ್ನೊಸಿ... ಅಯ್ಯೋ ಜಾಸ್ತಿ ಆಯ್ತು ಕಣೆ, ವಾಪಸ್ ಬಾ" ಎಂದು ಅವರು, "ಕೂದಲೆಳೆಯಷ್ಟು ತಿರುಗಿಸಿ ಅಂದ್ರೆ ಗಾಡಿ ತಿರುಗಿಸ್ದಂಗೆ ತಿರುಗಿಸ್ತೀರಲ್ಲ" ಎಂದು ನಾನು. ಗಂಡ ಹೆಂಡತಿ ಮನೆಯಲ್ಲಿ ಆಡುವ ಜಗಳವನ್ನು ತಾರಸಿ ಮೇಲೆ ಆಡುತ್ತಾರೆಂದು ಜನ ನಗುತ್ತಿದ್ದರು. ಲ್ಯಾಪ್‌ಟಾಪಿನ ಪರದೆಯ ಹಸಿರು ಗೆರೆಗಳು ತುಂಬಿಕೊಂಡಾಗ ಇಬ್ಬರೂ ಒಟ್ಟಿಗೆ "ಬಂತು!" ಎನ್ನುತ್ತಿದ್ದೆವು. ಆ ಖುಷಿಗೇ ನಾವು ಆ ಕೆಲಸ ಮಾಡುತ್ತಿದ್ದೆವು ಎನ್ನಬೇಕು.

ಕಬ್ಬಾಳಿನಲ್ಲಿ ಒಂದು ಧರ್ಮಾಸ್ಪತ್ರೆಯವರು ಸಣ್ಣ ಚಿಕಿತ್ಸಾಲಯ ತೆರೆದಿದ್ದರು. ಅಲ್ಲಿ ಇದ್ದವರು ಜಯಮ್ಮ ಎಂಬ ನರ್ಸ್ ಒಬ್ಬರೇ, ಡಾಕ್ಟರು ಕನಕಪುರದಲ್ಲಿ. ರೋಗಿಯ ಎದೆಯ ಬಡಿತದ ಚೀಟಿಯನ್ನು ಕನಕಪುರದ ಡಾಕ್ಟರು ಅಲ್ಲಿಂದಲೇ ನೋಡುವಂತಾಗಬೇಕು ಎಂಬುದು ಆಸ್ಪತ್ರೆಯವರ ಆಸೆ. ಕಬ್ಬಾಳಿನಿಂದ ಕನಕಪುರ ನೇರವಾಗಿ ಕಾಣುವುದಿಲ್ಲ, ಗುಡ್ಡಗಳು ಅಡ್ಡ. ಆದ್ದರಿಂದ ನಡುವೆ ನರಿಬಂಡೆ ಎಂಬ ಕಲ್ಲುಗುಡ್ಡದ ನೆತ್ತಿಯ ಮೇಲೆ ಕಂಬ ನೆಟ್ಟೆವು. ಮೊದಲು ಕಬ್ಬಾಳಿಗೂ ಕಂಬಕ್ಕೂ ಕೂಡಿಸಿ, ಆಮೇಲೆ ಅದೇ ಕಂಬದಿಂದ ಕನಕಪುರಕ್ಕೆ ಇನ್ನೊಂದು ಜೋಡಿ ಡಿಶ್ ಕಟ್ಟುವುದೆಂದು ಮಾತಾಗಿತ್ತು. ಗುಡ್ಡದ ಬುಡದಲ್ಲಿ ಹೊಲ ಮಾಡುತ್ತಿದ್ದ ಸಿದ್ದೇಗೌಡರೇ ಆಳುಗಳನ್ನು ಕರೆತಂದು ಸಾಮಾನೆಲ್ಲ ಮೇಲೆ ಹೊರಿಸಿದ್ದರು. ಹಿಂದಿನ ದಿನ ಕಂಬಕ್ಕೆ ಡಿಶ್ಶು, ಡಬ್ಬಿ ಎರಡನ್ನೂ ಕಟ್ಟಿ, ಬ್ಯಾಟರಿಯನ್ನು ಟಾರ್ಪಾಲಿನಲ್ಲಿ ಸುತ್ತಿ, ಹಗ್ಗ ಬಿಗಿದು ಬಂದಿದ್ದೆವು. ಬ್ಯಾಟರಿಯಿಂದ ಡಬ್ಬಿಗೆ ಕೊಡುವ ವೈರು ಮಾತ್ರ ಬಾಕಿ ಇತ್ತು.

ಮಾರನೆಯ ದಿನ ಬೆಳಗ್ಗೆ ತಿಂಡಿ ತಿಂದು ನನ್ನ ಗಂಡ ನೀಲಿ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬರೇ ಹೊರಟರು. ನಾನು ಚಿಕಿತ್ಸಾಲಯದ ತಾರಸಿ ಹತ್ತಿ, ಛತ್ರಿಯ ನೆರಳಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅರ್ಧ ದಾರಿಯಿಂದ ವಾಕಿಟಾಕಿಯಲ್ಲಿ ಅವರ ದನಿ ಬಂತು. "ಉಸಿರು ಹಿಡಿತಾ ಐತೆ ಕಣೆ. ಒಸಿ ಹೊತ್ತು ತಡಿ, ಮೇಲೆ ಹೋಗಿ ಕೂಗ್ತೀನಿ."

ಆಮೇಲೆ ದನಿಯಿಲ್ಲ. ಕರೆದೆ, ಉತ್ತರವಿಲ್ಲ. ನನಗೇನೂ ಗಾಬರಿಯಾಗಲಿಲ್ಲ. ಅವರ ವಾಕಿಟಾಕಿಯ ಬ್ಯಾಟರಿ ಆಗಾಗ ಕೈಕೊಡುತ್ತಿತ್ತು. ಆ ಕಡೆ ಮೊಬೈಲೂ ಸಿಗುತ್ತಿರಲಿಲ್ಲ. ಇರಲಿ ಎಂದು ನನ್ನ ಡಬ್ಬಿಗೆ ಕರೆಂಟ್ ಕೊಟ್ಟು, ಪರದೆ ನೋಡಿದೆ. ಪಟ್ಟಿಯಲ್ಲಿ "ಬಂಡೆ" ಎಂಬ ಹೆಸರು ಬಂತು. ಅದು ನಾನೇ ಇಟ್ಟ ಹೆಸರು. ಮನೆಯ ಊಟದ ಮೇಜಿನ ಮೇಲೆ ಎರಡೂ ಡಬ್ಬಿಗಳನ್ನು ಇಟ್ಟು ಪರೀಕ್ಷೆ ಮಾಡಿದಾಗ ಇದಕ್ಕೆ "ಕಬ್ಬಾಳು", ಅದಕ್ಕೆ "ಬಂಡೆ" ಎಂದು ಬರೆದಿದ್ದೆ. ಸರಿ, ಅವರು ಮೇಲೆ ತಲುಪಿ ಆನ್ ಮಾಡಿದ್ದಾರೆ ಎಂದುಕೊಂಡೆ. ಸಮಾಧಾನವೂ ಆಯಿತು.

ಸ್ಪ್ಯಾನರ್ ಹಿಡಿದು ಡಿಶ್ಶನ್ನು ಗುಡ್ಡದ ನೆತ್ತಿಯ ಕಂಬದ ಕಡೆಗೆ ತಿರುಗಿಸತೊಡಗಿದೆ. ಗೆರೆಗಳು ಹೆಚ್ಚಬೇಕಿತ್ತು. ಆದರೆ ಕಡಿಮೆಯಾದವು. ಕಂಬಕ್ಕೆ ನೇರವಾಗಿ ಮುಖ ಮಾಡಿದಾಗ ಹೆಸರೇ ಹೋಯಿತು. ವಾಪಸ್ ತಂದೆ, ಬಂತು. ಇನ್ನೂ ಎಡಕ್ಕೆ ತಂದೆ, ಏರಿತು. ಕಂಬದಿಂದ ಬಹಳ ದೂರ, ಗುಡ್ಡದ ಎಡಮಗ್ಗುಲಿನ ಬೋಳು ಬಂಡೆಗೆ ಮುಖ ಮಾಡಿದಾಗ ಹಸಿರು ಗೆರೆಗಳು ಪೂರ್ತಿ ತುಂಬಿದವು. ಇಷ್ಟು ಚೆನ್ನಾಗಿ ತುಂಬಿದ್ದು ಎರಡು ಡಬ್ಬಿಗಳೂ ಊಟದ ಮೇಜಿನ ಮೇಲೆ ಎದುರುಬದುರು ಇದ್ದಾಗ ಮಾತ್ರ.

ಎಲ್ಲ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹಾಗೆಯೇ. ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ, ಎಡಕ್ಕೆ ತಂದರೆ ಏರುತ್ತದೆ. ಅಷ್ಟರಲ್ಲಿ ಜಯಮ್ಮ ಮಜ್ಜಿಗೆ ಹಿಡಿದುಕೊಂಡು ಮೇಲೆ ಬಂದರು.

"ಬಂತಾ ನಿಮ್ಮ ಸಿಗ್ನಲ್ಲು?" ಎಂದು ಪರದೆಯೊಳಗೆ ಇಣುಕಿದರು. "ಓ, ಹಸರು ಗೆರೆ ತುಂಬ್ಕಂಡೈತಲ್ಲ!"

"ಬಂದಿದೆ ಸಿಸ್ಟರ್. ಆದ್ರೆ ಎಲ್ಲಿಂದ ಬರ್ತಾ ಇದೆ ಅಂತ ಗೊತ್ತಾಗ್ತಿಲ್ಲ. ಕಂಬ ಅಲ್ಲಿದೆ, ಇದು ನೋಡಿದ್ರೆ ಆ ಬೋಳುಬಂಡೆ ಕಡೆ ತೋರಿಸ್ತಿದೆ."

ಗುಡ್ಡದ ಮೇಲೆ ಏನಾದರೂ ಅಡ್ಡ ಇದೆಯೇ ಎಂದು ನೋಡಲು ನಾವು ಒಂದು ದುರ್ಬೀನು ಇಟ್ಟುಕೊಂಡಿರುತ್ತಿದ್ದೆವು. ಡಿಶ್ಶಿನ ಹಿಂದೆ ನಿಂತು, ಅದು ಮುಖ ಮಾಡಿದ ಕಡೆಗೇ ದುರ್ಬೀನು ಹಿಡಿದೆ. ಬರೀ ಕಲ್ಲು. ಕಲ್ಲಿನ ನಡುವೆ ಒಂದು ಬಿರುಕು, ಬಿರುಕಿನ ಕೆಳಗೆ ಒಂದಿಷ್ಟು ಕುರುಚಲು ಗಿಡ. ಅದರ ಪಕ್ಕದಲ್ಲಿ ನೀಲಿ ಬಣ್ಣದ್ದೇನೋ ಕಂಡಿತು. ದುರ್ಬೀನು ಒಂದಿಷ್ಟು ಅಲುಗಿ ಅದು ತಪ್ಪಿಹೋಯಿತು. ಮೊಣಕೈಯನ್ನು ತಾರಸಿಯ ಗೋಡೆಗೆ ಊರಿ ಮತ್ತೆ ಹುಡುಕಿದೆ. ಚೀಲ. ಚೀಲದ ಪಕ್ಕದಲ್ಲಿ ಒಂದು ಕಾಲು.

ಆಮೇಲೆ ನಾನು ಹೇಗೆ ಮೆಟ್ಟಿಲಿಳಿದೆನೋ ನೆನಪಿಲ್ಲ. ಸಿದ್ದೇಗೌಡರು ಎದುರಿನ ಕಟ್ಟೆಯ ಮೇಲೆ ಕೂತು ಯಾರ ಜೊತೆಗೋ ಮಾತಾಡುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಎದ್ದರು.

"ಎಡಮಗ್ಗುಲಾ? ಆ ಕಡೆ ಎಂಗೋದ್ರು ಅವ್ರು? ದಾರಿ ಇರಾದು ಬಲಕ್ಕಲ್ವಾ!" ಎಂದವರು ತಕ್ಷಣ ತಾವೇ ಹೇಳಿದರು, "ಹೆಜ್ಜೇನು ಎದ್ದದೆ ಕಣವ್ವ. ಅಟ್ಟಿಸ್ಕಂಡು ಹೋಗ್ಯದೆ. ಲೇ, ಕಂಬ್ಳಿ ತಕ್ಕಳ್ರುಲಾ, ಹುಲ್ಲು ತಕ್ಕಳಿ!"

ಊರಿನ ಯಾರದೋ ಜೀಪು ಹತ್ತಿ ಗುಡ್ಡದ ಬುಡದವರೆಗೆ ಹೋದೆವು. ಜಯಮ್ಮ ಔಷಧಿಯ ಪೆಟ್ಟಿಗೆ ಹಿಡಿದು ನನ್ನ ಪಕ್ಕ ಕೂತಿದ್ದರು. ಅವರ ಇನ್ನೊಂದು ಕೈ ನನ್ನ ಕೈ ಮೇಲಿತ್ತು. ಗಂಡಸರು ಕಂಬಳಿ ಹೊದ್ದು, ಹುಲ್ಲಿಗೆ ಬೆಂಕಿ ಕೊಟ್ಟು ಹೊಗೆ ಹಾಕುತ್ತಾ ಹತ್ತಿದರು. ನನ್ನನ್ನು ತಡೆದರೂ ನಾನು ಹಿಂದೆಯೇ ಹೋದೆ. ದಾರಿಯಿಂದ ನೋಡಿದರೆ ಆ ಬಿರುಕು ಕಾಣುವಂತೆಯೇ ಇರಲಿಲ್ಲ. ಕೂಗಿದರೂ ದನಿ ಹೋಗದ ಕಡೆ ಅದು.

ಬಿರುಕಿನ ಕೆಳಗೆ ಬಿದ್ದಿದ್ದ ನನ್ನ ಗಂಡನ ಮುಖದ ಗುರುತೇ ಸಿಗುವಂತಿರಲಿಲ್ಲ, ಅಷ್ಟು ಊದಿತ್ತು. ಬಲಗಾಲು ಮೊಣಕಾಲ ಕೆಳಗೆ ಸೊಟ್ಟಗಾಗಿತ್ತು. ಉಸಿರು ಸೀಟಿಯಂತೆ ಬರುತ್ತಿತ್ತು. ಜಯಮ್ಮ ಬಂಡೆಯ ಮೇಲೆ ಮಂಡಿಯೂರಿ ಇಂಜೆಕ್ಷನ್ ಕೊಟ್ಟರು. ಒಂದಷ್ಟು ಹೊತ್ತಿನ ಮೇಲೆ ಆ ಸೀಟಿಯ ಸದ್ದು ಕಡಿಮೆಯಾಯಿತು. ಅವರು ಊದಿದ ರೆಪ್ಪೆಯ ಸಂದಿಯಿಂದ ನನ್ನನ್ನು ನೋಡಿ, "ಎಂಗೆ ಗೊತ್ತಾಯ್ತೆ?" ಎಂದರು.

"ನಿಮ್ಮ ಸಿಗ್ನಲ್ ಬಂತು ರೀ. ಆನ್ ಮಾಡಿದ್ರಲ್ಲ" ಎಂದೆ.

"ಎಲ್ಲಿ ಆನ್ ಮಾಡ್ದೆ..." ಎಂದು ಕಣ್ಣು ಮುಚ್ಚಿದರು.

ನೋವಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡೆ. ಕಂಬಳಿಯಲ್ಲಿ ತೂಗಿಕೊಂಡು ಅವರನ್ನು ಇಳಿಸಿದರು. ನೀಲಿ ಚೀಲವನ್ನು ನಾನು ಹೆಗಲಿಗೆ ಹಾಕಿಕೊಂಡೆ. ಕನಕಪುರದ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕುತ್ತಿದ್ದಾಗ, ಅವರ ಟವೆಲ್ಲಿಗಾಗಿ ಚೀಲ ಬಿಚ್ಚಿದೆ. ಟವೆಲ್ಲಿನ ಮೇಲೆಯೇ ವೈರಿನ ಸುರುಳಿ ಕೂತಿತ್ತು, ಅಂಗಡಿಯಿಂದ ತಂದಾಗ ಇದ್ದ ಹಾಗೆಯೇ, ಪ್ಲಾಸ್ಟಿಕ್ ಪಟ್ಟಿ ಕೂಡ ಕತ್ತರಿಸಿರಲಿಲ್ಲ.

ಆ ವೈರಿಲ್ಲದೆ ಡಬ್ಬಿಗೆ ಕರೆಂಟಿಲ್ಲ. ಕರೆಂಟಿಲ್ಲದ ಡಬ್ಬಿ ಬರೀ ಡಬ್ಬಿ.

ಮಾರನೆಯ ದಿನ ಅವರೇ ನಿಧಾನವಾಗಿ ಹೇಳಿದರು. ಕಂಬದ ಹತ್ತಿರಕ್ಕೆ ಅವರು ಹೋಗಿಯೇ ಇರಲಿಲ್ಲ. ನೆತ್ತಿ ಇನ್ನೂ ಮೇಲಿದ್ದಾಗಲೇ ಜೇನು ಮುತ್ತಿತು, ದಿಕ್ಕು ನೋಡದೆ ಓಡಿದರು, ಬಿದ್ದರು. ವಾಕಿಟಾಕಿ ಎಲ್ಲೋ ಎಗರಿ ಬಿತ್ತು. ನಾನು ಸಿದ್ದೇಗೌಡರಿಗೆ, ಕಂಬದ ಹತ್ತಿರ ಒಮ್ಮೆ ನೋಡಿ ಬನ್ನಿ ಎಂದು ಹೇಳಿ ಕಳಿಸಿದೆ. ಅವರು ಆಸ್ಪತ್ರೆಗೇ ಬಂದು ಹೇಳಿದರು: "ನೀವು ಕಟ್ಟಿದ್ದ ಹಗ್ಗ ಕಟ್ಟಿದಂಗೇ ಐತೆ ಕಣವ್ವ. ಟಾರ್ಪಾಲು ಯಾರೂ ಮುಟ್ಟಿಲ್ಲ."

ಆಸ್ಪತ್ರೆಯ ದಿನಗಳು ಕೆಟ್ಟದಾಗಿದ್ದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಖದ ಊತ ದಿನದಿನಕ್ಕೂ ಇಳಿದು ನನ್ನ ಗಂಡ ನನಗೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಸಿಗುತ್ತಿದ್ದರು. ಕಬ್ಬಾಳಿನಿಂದ ಯಾರು ಯಾರೋ ಎಳನೀರು, ರಾಗಿ ಮುದ್ದೆ, ಉಪ್ಸಾರು ತಂದರು. ಬಂದವರೆಲ್ಲ ಊರದೇವತೆ ಕಬ್ಬಾಳಮ್ಮನೇ ಕಾಪಾಡಿದಳು ಎಂದರು. ಮೊದಲಾಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಕೂತು ಕೇಳಿದೆ. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಕಾರಣ ಹುಡುಕದೆ ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ನಮಗೆ ಸಾಮಾನು ಕೊಡುತ್ತಿದ್ದ ಹಿರಿಯ ಎಂಜಿನಿಯರೊಬ್ಬರನ್ನು ಕೇಳಿದೆ. "ಸಿಗ್ನಲ್ ಬಂಡೆಗೆ ಬಡಿದು ತಿರುಗಿ ಬರುತ್ತಮ್ಮ. ಕಲ್ಲುಗುಡ್ಡದ ಕಡೆ ಇದು ಮಾಮೂಲಿ" ಎಂದರು. ಡಬ್ಬಿಗೆ ವೈರೇ ಕೊಟ್ಟಿರಲಿಲ್ಲ ಸಾರ್ ಎಂದೆ. "ಹಾಗಾದರೆ ಲ್ಯಾಪ್‌ಟಾಪು ಹಳೆಯ ಹೆಸರನ್ನೇ ತೋರಿಸಿರಬೇಕು" ಎಂದರು. ಇರಬಹುದು. ಆದರೆ ಹಳೆಯ ಹೆಸರು ಡಿಶ್ ತಿರುಗಿಸಿದ ಹಾಗೆ ಏಕೆ ಏರಿಳಿಯಬೇಕು? ಬೇರೆ ಯಾರದಾದರೂ ಸಿಗ್ನಲ್ ಎನ್ನೋಣವೆಂದರೆ ಆ ಸುತ್ತಿನಲ್ಲಿ ಇಂಥ ಕೆಲಸ ಮಾಡುವವರು ಆಗ ನಾವಿಬ್ಬರೇ. ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡು ಜಯಮ್ಮನನ್ನು ಕೇಳಿದೆ. "ನಾನೂ ನೋಡಿದ್ನಲ್ಲ, ಹಸರಿಗೆ ಹಸರು ತುಂಬಿತ್ತು" ಎಂದು ಅವರು ನನ್ನನ್ನೇ ಅನುಮಾನದಿಂದ ನೋಡಿದರು.

ನನ್ನ ಗಂಡನ ಕಾಲು ಕೂಡಿ, ಗುಡ್ಡ ಹತ್ತಬಹುದು ಎಂದು ಡಾಕ್ಟರು ಹೇಳಿದ ಮೇಲೆ ಉಳಿದ ಕೆಲಸಕ್ಕೆ ಹೋದೆವು. ಅಷ್ಟರಲ್ಲಿ ಹೆಜ್ಜೇನು ಗೂಡು ಬಿಟ್ಟು ಹೋಗಿತ್ತು. ಈ ಸಲ ಸಿದ್ದೇಗೌಡರು ಅವರ ಜೊತೆಗೇ ಹತ್ತಿದರು. ನಾನು ಅದೇ ತಾರಸಿಯ ಮೇಲೆ, ಹೊಸ ವಾಕಿಟಾಕಿ ಹಿಡಿದು ಕೂತೆ. "ಕೊಟ್ಟೆ ನೋಡು ಕರೆಂಟು" ಎಂದು ದನಿ ಬಂದಾಗ ನಾನು ಡಿಶ್ಶನ್ನು ಕಂಬದ ಕಡೆ ತಿರುಗಿಸಲಿಲ್ಲ. ಮೊದಲು ಎಡಮಗ್ಗುಲಿನ ಆ ಬಿರುಕಿಗೇ ತಿರುಗಿಸಿದೆ. ಏನೂ ಬರಲಿಲ್ಲ. ಅತ್ತ ಇತ್ತ, ಮೇಲೆ ಕೆಳಗೆ ಎಷ್ಟು ಹುಡುಕಿದರೂ ಒಂದು ಗೆರೆಯಿಲ್ಲ. ಕೊನೆಗೆ ಕಂಬಕ್ಕೆ ನೇರ ಮಾಡಿದೆ. ಹೆಸರು ಬಂತು, ಗೆರೆ ಏರಿತು, ತುಂಬಿತು.

"ಬಂತು!" ಎಂದೆವು ಇಬ್ಬರೂ.

ಕನಕಪುರದ ಕಡೆಯ ಜೋಡಿಯನ್ನೂ ಕಟ್ಟಿ ಮುಗಿಸಿದೆವು. ಅದೇ ವಾರ ಕಬ್ಬಾಳಿನ ಒಬ್ಬ ಅಜ್ಜಿಯ ಎದೆಬಡಿತದ ಚೀಟಿಯನ್ನು ಕನಕಪುರದ ಡಾಕ್ಟರು ತಮ್ಮ ಕುರ್ಚಿಯಲ್ಲಿ ಕೂತೇ ನೋಡಿದರು. ಆ ಲಿಂಕ್ ಬಹಳ ವರ್ಷ ನಡೆಯಿತು. ಅದಾದ ಮೇಲೂ ನಾವು ಎಷ್ಟೋ ಗುಡ್ಡ ಹತ್ತಿದೆವು. ಅಂಥದ್ದು ಮತ್ತೆಂದೂ ಆಗಲಿಲ್ಲ.

ಆದರೆ ಅಂದು ಕೆಲಸ ಮುಗಿಸಿ ಬೋಲ್ಟು ಬಿಗಿಯುವಾಗ ವಾಕಿಟಾಕಿಯಲ್ಲಿ ಅವರು ಕೇಳಿದ ಮಾತೊಂದನ್ನು ಇಲ್ಲಿ ಹೇಳಬೇಕು.

"ಮೊದ್ಲು ಆ ಕಡೆ ತಿರುಗಿಸಿ ನೋಡ್ದೆ ತಾನೇ?"

"ನೋಡ್ದೆ ರೀ. ಅಲ್ಲೇನೂ ಇಲ್ಲ."

ಗಾಳಿಯ ಸದ್ದಿನ ನಡುವೆ ಅವರ ನಗು ಕೇಳಿಸಿತು.

"ನಾನೀಗ ಇಲ್ಲಿದ್ದೀನಲ್ಲೇ. ಅಲ್ಲೇನಿರ್ತದೆ?"

ತಮಾಷೆಗೆ ಅಂದರೋ, ನಿಜಕ್ಕೇ ಅಂದರೋ, ನಾನು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.