ಟವೆಲ್ಲಿನೊಳಗಿನ ಎಂಟು

ನಮ್ಮಪ್ಪ ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಕಂಪ್ಲಿಯ ಸುತ್ತಮುತ್ತ ಯಾವ ಸಂತೆಯಾದರೂ ಸರಿ, ಎತ್ತು ಮಾರುವವನ ಕಿವಿಯಲ್ಲಿ ಒಂದು ಮಾತು, ಕೊಳ್ಳುವವನ ಕಿವಿಯಲ್ಲಿ ಇನ್ನೊಂದು ಮಾತು ಹೇಳಿ, ಇಬ್ಬರ ಕಡೆಯಿಂದಲೂ ಚಹಾ ಕುಡಿದು ಬರುತ್ತಿದ್ದ. ಇಂಥವನ ಎದುರು ಕುಳಿತು, "ಅಜ್ಜಾರ, ಹತ್ತರೊಳಗ ನಿಮ್ಮ ನೋವು ಎಷ್ಟೈತ್ರಿ?" ಎಂದು ಕೇಳಿದರೆ ಖರೆ ಹೇಳುತ್ತಾನೆಯೇ?

"ಎರಡು," ಎನ್ನುತ್ತಿದ್ದ ಅಪ್ಪ.

ಹಾಗೆ ಕೇಳುತ್ತಿದ್ದವಳು ಹೊಸಪೇಟೆಯಿಂದ ವಾರಕ್ಕೆ ಎರಡು ಸಲ ಸ್ಕೂಟಿಯಲ್ಲಿ ಬರುತ್ತಿದ್ದ ನರ್ಸ್. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ, ಇನ್ನು ಗುಣವಾಗುವ ಮಾತಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಎಂದು ಡಾಕ್ಟರು ಅಪ್ಪನನ್ನು ಮನೆಗೆ ಕಳಿಸಿದ್ದರು. ನಾಲ್ಕು ತಾಸಿಗೊಂದು ಮಾರ್ಫಿನ್ ಗುಳಿಗೆ, ಅದು ಹೊಟ್ಟೆ ಕಟ್ಟುತ್ತದೆಂದು ಜೊತೆಗೊಂದು ಸಿರಪ್ಪು, ವಾಕರಿಕೆಗೆ ಇನ್ನೊಂದು ಗುಳಿಗೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಯಾವುದನ್ನು ಎಷ್ಟು ಗಂಟೆಗೆ ಕೊಡಬೇಕೆಂದು ಕೋಷ್ಟಕ ಮಾಡಿ, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಗೋಡೆಗೆ ಅಂಟಿಸಿ ಹೊಸಪೇಟೆ ಬಸ್ಸು ಹತ್ತುತ್ತಿದ್ದೆ. ಸಂಜೆ ಬಂದು ನೋಡಿದರೆ ಅವ್ವ ಪ್ರತಿ ಚೌಕಕ್ಕೂ ಟಿಕ್ ಹಾಕಿರುತ್ತಿದ್ದಳು. ಆ ಕೋಷ್ಟಕದ ಬಗ್ಗೆ ನನಗೆ ಭಾರೀ ಜಂಬವಿತ್ತು.

ನರ್ಸ್ ಒಮ್ಮೆ ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ ಸಾಲಾಗಿ ಚಿತ್ರಗಳಿದ್ದ ಕಾರ್ಡು ತಂದಳು. ಇದರಲ್ಲಿ ನಿಮ್ಮದು ಯಾವುದು ತೋರಿಸಿ ಎಂದಳು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಿದ್ದ ಅಪ್ಪ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಇವು ಒಂದೂ ಸರಿಯಾಗಿ ಬಾಯಿ ತೆರೆದಿಲ್ಲಲ್ಲ ತಂಗಿ. ಹಲ್ಲು ನೋಡದ ನಾ ಹೆಂಗ ಹೇಳ್ಲಿ?" ಎಂದು ಕಾರ್ಡು ವಾಪಸು ಕೊಟ್ಟ.

ನೋವಿನ ವಿಷಯದಲ್ಲಿ ಇಷ್ಟು ಬಿಗಿಯಾಗಿದ್ದವನು ಹೊಟ್ಟೆಯ ವಿಷಯದಲ್ಲಿ ಮಾತ್ರ ಮಹಾ ಧಾರಾಳಿ. ಬಾಳೆಹಣ್ಣು ಹಿಡಿದು ನೋಡಲು ಬಂದವರು ಚಹಾದ ಲೋಟ ತುಟಿಗಿಡುವ ಹೊತ್ತಿಗೆ ಸರಿಯಾಗಿ, "ಮೂರು ದಿನದ ಮ್ಯಾಲ ಇವತ್ತು ಆತು ನೋಡ್ರಿ, ಮಸ್ತ್ ಆತು!" ಎಂದು ಶುರುಮಾಡುತ್ತಿದ್ದ. ಬಂದವರು ಲೋಟ ಕೆಳಗಿಟ್ಟು ಸೂರು ನೋಡುತ್ತಿದ್ದರು. ಅವ್ವ ಒಳಗಿಂದಲೇ, "ಅದನ್ನೆಲ್ಲ ಯಾಕ ಹೇಳ್ತೀರಿ?" ಎಂದು ಕೂಗುತ್ತಿದ್ದಳು.

ಆದರೆ ನನಗೆ ಕಣ್ಣಿತ್ತು. ಅಪ್ಪ ಬೆನ್ನು ಚಾಚಿ ಮಲಗದೆ ತಿಂಗಳಾಗಿತ್ತು. ಬೆನ್ನು ಹಾಸಿಗೆಗೆ ತಾಗಿದರೆ ಆಗದು. ಸುತ್ತಿಟ್ಟ ಗಾದಿಗೆ ಒರಗಿ, ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಕೂತೇ ಇರುತ್ತಿದ್ದ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ದವಡೆ ಕಚ್ಚಿ ಹಿಡಿಯುತ್ತಿದ್ದ. ಅವನು ಒಂದು ದಿನ ಕಾಲು ಚಾಚಿ ಮಲಗಲಿ, ನನಗೆ ಬೇರೆ ಏನೂ ಬೇಕಿರಲಿಲ್ಲ. ಸುಳ್ಳು ಯಾಕೆಂದೂ ನನಗೆ ಗೊತ್ತಿತ್ತು. ಮೊದಮೊದಲು ಒಮ್ಮೆ "ಭಾಳ ನೋಯಾಕತ್ತೈತಿ" ಎಂದು ಬಾಯಿಬಿಟ್ಟಿದ್ದ. ಅವ್ವ ಎರಡು ದಿನ ರೊಟ್ಟಿ ಮುಟ್ಟದೆ, ಬಿಪಿ ಏರಿ, ಒಲೆಯ ಮುಂದೆಯೇ ಕುಸಿದಿದ್ದಳು. ಅವತ್ತಿನಿಂದ ಅಪ್ಪನ ರೇಟು ಎರಡಕ್ಕೆ ನಿಂತುಬಿಟ್ಟಿತು.

ಹೀಗಿರುವಾಗ ವಡ್ಡು ಎಂಬ ಊರಿನಿಂದ ಅಪ್ಪನ ಹಳೆಯ ಜೊತೆಗಾರ ಬಂದ. ಅವನೂ ದಲ್ಲಾಳಿ. ಹೆಂಗದಿಯೋ ಎಂದ. ಆರಾಮ, ನೋವು ಎರಡಾಣೆ ಎಂದ ಅಪ್ಪ. ಇಬ್ಬರೂ ಎತ್ತಿನ ವ್ಯಾಪಾರ ಕೆಡಿಸಿದ ಟ್ರ್ಯಾಕ್ಟರುಗಳನ್ನು ಮನಸಾರೆ ಬೈದರು. ಬೈಯುತ್ತಲೇ ಆತ ಹೆಗಲ ಮೇಲಿನ ಟವೆಲನ್ನು ತೆಗೆದು ಅಪ್ಪನ ಕೈಮೇಲೆ ಹಾಕಿ, ಅದರೊಳಗೆ ತನ್ನ ಕೈಯನ್ನೂ ಸೇರಿಸಿದ.

ದನದ ಸಂತೆಯಲ್ಲಿ ರೇಟು ಹೀಗೆಯೇ ಕುದುರುವುದು. ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳಾದರೆ ಒಂದು, ಇಡೀ ಅಂಗೈಯಾದರೆ ಐದು. ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಟವೆಲ್ಲಿನೊಳಗೆ ಸುಳ್ಳು ಹೇಳಿದವನನ್ನು ಮಾತ್ರ ಮತ್ತೆ ಯಾವ ಸಂತೆಯಲ್ಲೂ ನಿಲ್ಲಗೊಡುವುದಿಲ್ಲ.

ಹೊರಡುವಾಗ ಆತ ನನ್ನನ್ನು ಬಾಗಿಲಾಚೆ ಕರೆದ. ಮುಖ ಸಪ್ಪಗಾಗಿತ್ತು. "ಎಂಟೈತಿ ಯವ್ವಾ. ಅಂಗೈ ಹಿಡದು ಮ್ಯಾಲ ಮೂರು ಬೆರಳು ಒತ್ತಿದ. ನಿಮ್ಮವ್ವಗ ಹೇಳಬ್ಯಾಡ," ಎಂದ.

ಆತ ಹೋದದ್ದೇ ತಡ, ನಾನೂ ಒಂದು ಟವೆಲ್ ತಂದು ಅಪ್ಪನ ಪಕ್ಕ ಕುಳಿತೆ. ಅಪ್ಪ ನನ್ನ ಕೈಗೆ ಪಟ್ಟನೆ ಹೊಡೆದು, "ಮನಿ ಮಂದಿ ಜೋಡಿ ಯಾಪಾರ ಮಾಡಂಗಿಲ್ಲ, ಏಳು," ಎಂದ.

ಕೊನೆಗೆ ನರ್ಸ್‌ನ ಮೊರೆಹೋದೆ. ಅವಳು ಮೊದಲು ನಕ್ಕಳು, ಆಮೇಲೆ ಕಲಿಸಿಕೊಡಿ ಎಂದಳು. ಹಿತ್ತಲಲ್ಲಿ ನಿಂತು ಅವಳ ಬೆರಳು ಹಿಡಿದು ಒಂದರಿಂದ ಹತ್ತು ಕಲಿಸಿದೆ. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಬೇಗ ಕಲಿತ ಶಿಷ್ಯೆ ನನಗೆ ಸಿಕ್ಕಿಲ್ಲ. ಒಳಗೆ ಹೋದವಳೇ ಅಪ್ಪನ ಕೈಮೇಲೆ ಟವೆಲ್ ಹಾಕಿ, ಮುಖದಲ್ಲಿ ಏನನ್ನೂ ತೋರಿಸದೆ ಹವೆಯ ಬಗ್ಗೆ ಮಾತಾಡಿ, ಕೈ ಹೊರತೆಗೆದು, "ಎರಡಾತು ಬಿಡ್ರಿ," ಎಂದು ಗಟ್ಟಿಯಾಗಿ ಹೇಳಿದಳು. ಅಪ್ಪನಿಗೆ ಖುಷಿಯೋ ಖುಷಿ. "ಈ ಹುಡುಗಿ ಸಂತಿಗೆ ಬಂದಿದ್ರ ನಮ್ಮನ್ನೆಲ್ಲ ಮನಿಗೆ ಕಳಿಸ್ತಿತ್ತು!"

ಅಡುಗೆಮನೆಗೆ ಬಂದ ನರ್ಸ್ ಹುಬ್ಬು ಗಂಟಿಕ್ಕಿದ್ದಳು. ಗುಳಿಗೆ ಹೊತ್ತುಹೊತ್ತಿಗೆ ಹೋಗುತ್ತಿದ್ದರೆ ನೋವು ಇಷ್ಟು ಯಾಕಿದೆ? "ಅಮ್ಮಾರ, ಗುಳಿಗಿ ತಪ್ಪದ ಕೊಡ್ತೀರಿಲ್ಲ?" ಎಂದು ಕೇಳಿದಳು.

ಅವ್ವನ ಮುಖ ಅರಳಿತು. ಇಷ್ಟು ದಿನ ಯಾರೂ ಕೇಳಲಿಲ್ಲವಲ್ಲ ಎನ್ನುವ ಹಾಗೆ ಎದ್ದು ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿ ನಮ್ಮ ಮುಂದೆ ತೆರೆದಿಟ್ಟಳು. ತುಂಬ ಅರ್ಧರ್ಧ ಗುಳಿಗೆಗಳು! "ಅರ್ಧ ಅವರಿಗೆ, ಅರ್ಧ ಡಬ್ಬಿಗೆ. ಒಂದು ಹೊತ್ತೂ ತಪ್ಪಿಸಿಲ್ಲ."

ನನ್ನ ಮೂರು ಬಣ್ಣದ ಕೋಷ್ಟಕ, ಅದರ ತುಂಬ ಟಿಕ್ಕುಗಳು! ಸಿಟ್ಟು ನೆತ್ತಿಗೇರಿತು. ನಾನು ಕೂಗಾಡಿದೆ. ಅವ್ವ ಏನೂ ಅರ್ಥವಾಗದವಳಂತೆ ನನ್ನನ್ನೇ ನೋಡಿದಳು. "ಅವರು ಎರಡು ಅಂತಾರ. ಎರಡಕ್ಕ ಇಡೀ ಗುಳಿಗಿ ಯಾಕಬೇಕು? ಎಲ್ಲಾ ಈಗ ನುಂಗಿ ಮುಗಿಸಿದ್ರ, ಮುಂದ ಹತ್ತು ಬಂದಾಗ ನಾನು ಏನು ಕೊಡ್ಲಿ?"

ನರ್ಸ್ ಅವ್ವನ ಪಕ್ಕ ನೆಲದ ಮೇಲೆ ಕುಳಿತು ನಿಧಾನವಾಗಿ ಹೇಳಿದಳು. ಈ ಔಷಧ ಈಗ ಕೊಟ್ಟರೆ ಮುಂದೆ ಕೆಲಸ ಮಾಡುವುದಿಲ್ಲ ಅಂತಿಲ್ಲ, ನೋವು ಹೆಚ್ಚಾದರೆ ಡಾಕ್ಟರು ಪ್ರಮಾಣ ಹೆಚ್ಚಿಸುತ್ತಾರೆ, ನೋವು ಏರುವ ಮೊದಲೇ ಕೊಡಬೇಕು, ಕೂಡಿಡುವ ಸಾಮಾನಲ್ಲ ಇದು ಎಂದಳು. ಮತ್ತೆ, ಅವರದು ಎರಡಲ್ಲ, ಎಂಟು ಎಂದೂ ಹೇಳಿಬಿಟ್ಟಳು.

"ನನ್ನ ಮುಂದ ಅವರು ಯಾವತ್ತೂ ಸುಳ್ಳು ಹೇಳಿಲ್ಲ," ಎಂದಳು ಅವ್ವ. ದನದ ದಲ್ಲಾಳಿಯ ಬಗ್ಗೆ ಇಂಥ ಮಾತು! ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ.

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಹೋಗಿ ಮಂಚದ ಮೇಲೆ ಕುಳಿತಳು. ಅಪ್ಪನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, "ಕೈ ಕೊಡ್ರಿ," ಎಂದಳು.

"ಏ, ನಿನಗ್ಯಾಕ ಇದು? ಹೋಗು, ಅನ್ನಕ್ಕ ಇಡು."

"ಕೈ ಕೊಡ್ರಿ ಅಂದೆ."

ಅಪ್ಪ ನನ್ನನ್ನು ನೋಡಿದ, ನರ್ಸ್‌ನನ್ನು ನೋಡಿದ. ಯಾರೂ ಅವನ ಪರ ನಿಲ್ಲಲಿಲ್ಲ. ಕೈ ಕೊಟ್ಟ. ಟವೆಲ್ಲಿನ ಕೆಳಗೆ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಟ್ಟೆ ಸ್ವಲ್ಪ ಅಲುಗಿತು. ಅವ್ವನ ತುಟಿ ಎಣಿಸುವುದು ನನಗೆ ಕಾಣುತ್ತಿತ್ತು, ಐದು, ಆರು, ಏಳು, ಎಂಟು. ಅಳುತ್ತಾಳೆ, ಕುಸಿಯುತ್ತಾಳೆ ಎಂದು ನಾನು ಬಿಪಿ ಗುಳಿಗೆ ಹುಡುಕಿದೆ. ಅವಳು ಅಳಲಿಲ್ಲ.

"ನಾನು ಅರ್ಧಾ ಕೊಡ್ತಿದ್ದೆ," ಎಂದಳು.

"ಕಾಣಂಗಿಲ್ಲೇನು ನನಗ? ನಲವತ್ತು ವರ್ಷ ಎತ್ತಿನ ಹಲ್ಲು ಎಣಿಸೀನಿ. ಇಡೀ ಗುಳಿಗಿ ಯಾವುದು, ಅರ್ಧಾ ಯಾವುದು ಗೊತ್ತಾಗಂಗಿಲ್ಲೇನು?"

"ಮತ್ತ ಕೇಳಬೇಕಿತ್ತಿಲ್ಲ?"

"ಕೇಳಿದ್ರ ನೀ ರೊಟ್ಟಿ ಬಿಡ್ತಿದ್ದಿ."

ನರ್ಸ್ ಡಾಕ್ಟರಿಗೆ ಫೋನ್ ಮಾಡಿದಳು. ಪ್ರಮಾಣ ಹೆಚ್ಚಿಸುವುದು ಬೇಡ, ಮೊದಲು ಬರೆದುಕೊಟ್ಟ ಗುಳಿಗೆಯನ್ನೇ ಇಡಿಯಾಗಿ ಕೊಟ್ಟು ನೋಡಿ ಎಂದರು ಅವರು. ಮರುದಿನ ಮಧ್ಯಾಹ್ನ ಅಪ್ಪ ಕಾಲು ಚಾಚಿ, ಬೆನ್ನು ಹಾಸಿಗೆಗೆ ಹಚ್ಚಿ ಮಲಗಿದ. ಎಷ್ಟು ಹೊತ್ತಾದರೂ ಅಲುಗಾಡಲಿಲ್ಲ. ನಾನೂ ಅವ್ವನೂ ಗಾಬರಿಯಾಗಿ ಬಾಗಿ, ಮೂಗಿನ ಹತ್ತಿರ ಬೆರಳು ಹಿಡಿದೆವು. ಅಪ್ಪ ಒಂದೇ ಕಣ್ಣು ತೆರೆದ. "ಯಾಕ, ಗಿರಾಕಿ ಬಂದಾರೇನು?"

ಆಮೇಲೆ ಅಪ್ಪ ಬದುಕಿದ್ದು ಇಪ್ಪತ್ತಾರು ದಿನ. ಗುಳಿಗೆಯ ಹೊತ್ತಿಗೆ ಅವ್ವ ಟವೆಲ್ ಹಾಕಿ ಕೂರುತ್ತಿದ್ದಳು. ನಾಲ್ಕು ಎನ್ನುತ್ತಿದ್ದಳು, ಮೂರು ಎನ್ನುತ್ತಿದ್ದಳು, ನಾನು ರಜೆ ಹಾಕಿ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ. ಒಮ್ಮೆ ಆರಾದಾಗ ಡಾಕ್ಟರು ಹೆಚ್ಚಿಸಿದರು, ಮರುದಿನವೇ ಇಳಿಯಿತು. ಕೊನೆಗೆ ಅವನು ಹೆಚ್ಚುಕಡಿಮೆ ದಿನವಿಡೀ ಮಲಗಿಯೇ ಇರುತ್ತಿದ್ದ, ಮಾತು ನಿಂತಿತ್ತು. ಒಂದು ಮಧ್ಯಾಹ್ನ ಅವ್ವ ಟವೆಲ್ಲಿನೊಳಗೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ. ನಾನು ಪೆನ್ನು ಹಿಡಿದು ಕಾದೆ, ಕಾದೆ.

"ಎಷ್ಟಂತಬೇ?" ಎಂದೆ.

"ಎಷ್ಟೂ ಇಲ್ಲ," ಎಂದಳು ಅವ್ವ. "ಸುಮ್ನ ಕೈ ಹಿಡಕಂಡಾರ."